ತಟ್ಟೆ ಹಿಡಿದು ನಿಂತ ಬೀಗರು

ಜರ್ಮನ್ ಯುದ್ಧ ಮುಗಿದು ನಾಲ್ಕಾರು ವರ್ಷ ಕಳೆದಿತ್ತು. ಕೊಡಗಿನ ಕಾಫಿ ತೋಟದ ದೊರೆಗಳಲ್ಲಿ ಕೆಲವರು ತೋಟ ಮಾರಿ ಇಂಗ್ಲೆಂಡಿಗೆ ಹೊರಟು ನಿಂತಿದ್ದರು. ಹೊರಡುವ ಮುಂಚೆ ಬಂಗಲೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಹರಾಜು ಹಾಕುವುದು ರೂಢಿ. ಅಂಥ ಹರಾಜು ಯಾವ ಮೂಲೆಯಲ್ಲಿ ನಡೆದರೂ ಮಡಿಕೇರಿಯ ಪದ್ಮಾಕ್ಷಿಗೆ ಹೇಗೋ ಸುದ್ದಿ ಮುಟ್ಟುತ್ತಿತ್ತು.

ಪದ್ಮಾಕ್ಷಿಯ ಗಂಡ ತಿರುಮಲೇಶ್ವರ, ಶಾಲೆಯ ಮೇಷ್ಟ್ರು; ಮಾವ ತಿಮ್ಮಪ್ಪಯ್ಯ, ದೇವಸ್ಥಾನದ ಅರ್ಚಕರು. ಅರ್ಚಕರ ಮನೆ ಎಂದರೆ ಹೇಗಿರುತ್ತದೆ ಎಂದು ಊಹಿಸಿಕೊಂಡು ಒಳಗೆ ಕಾಲಿಟ್ಟವರು ಹೊಸ್ತಿಲಲ್ಲೇ ಒಮ್ಮೆ ನಿಂತುಬಿಡುತ್ತಿದ್ದರು. ಜಗಲಿಯಲ್ಲಿ ಗ್ರಾಮಾಫೋನಿನ ಹಿತ್ತಾಳೆ ಕೊಂಬಿನೊಳಗೆ ಸೇವಂತಿಗೆ ಅರಳಿತ್ತು. ಬಲೆ ಹರಿದ ಟೆನಿಸ್ ಬ್ಯಾಟಿಗೆ ಕನ್ನಡಿ ಕೂರಿಸಿ ಗೋಡೆಗೆ ತೂಗುಹಾಕಿತ್ತು. ಬಚ್ಚಲಲ್ಲಿ ಕುದುರೆ ಸವಾರರು ಕಾಲಿಡುವ ರಿಕಾಪಿನಿಂದ ಅಂಗವಸ್ತ್ರ ಇಳಿಬಿದ್ದಿತ್ತು. ತಿಮ್ಮಪ್ಪಯ್ಯನವರು ಪಂಚಾಂಗ ನೋಡಲು ಕೂರುತ್ತಿದ್ದ ದುಂಡನೆಯ ಆಸನ ಹಿಂದಿನ ಜನ್ಮದಲ್ಲಿ ಬ್ರಾಂದಿ ಪೀಪಾಯಿ. ಅದರಲ್ಲಿ ಔಷಧಿ ತುಂಬುತ್ತಿದ್ದರು ಎಂದು ಪದ್ಮಾಕ್ಷಿ ಮಾವನಿಗೆ ಹೇಳಿದ್ದಳು. ದೊರೆಗಳೂ ಬ್ರಾಂದಿಯನ್ನು ಔಷಧಿ ಎಂದೇ ಕರೆಯುತ್ತಿದ್ದರಾದ್ದರಿಂದ ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆ ಮಾಘದಲ್ಲಿ ಪಾಲಿಬೆಟ್ಟದ ಒಂದು ಬಂಗಲೆಯ ಹರಾಜು ಬಂತು. ಅಲ್ಲಿ ಕಸೂತಿಯ ಕಿಟಕಿ ಪರದೆಗಳಿವೆ ಎಂದು ಪದ್ಮಾಕ್ಷಿಗೆ ತಿಳಿದಿತ್ತು. ನಾದಿನಿ ಗೋಮತಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಪರದೆ ಕಟ್ಟಬೇಕು ಎಂಬುದು ಅವಳ ಹಟ. ಗೋಮತಿಗೆ ಹದಿನೆಂಟು ತುಂಬಿತ್ತು. ಆ ಕಾಲಕ್ಕೆ ಅದು ತಡವೇ. ಬಂದ ಗಂಡುಗಳೆಲ್ಲ ವರೋಪಚಾರದ ಮಾತಿನಲ್ಲಿ ಮುರಿದುಕೊಂಡು ಹೋಗಿದ್ದರು.

ಗಂಡ ಹೆಂಡತಿ ಕೆಂಚನ ಗಾಡಿ ಕಟ್ಟಿಸಿಕೊಂಡು ಹೊರಟು, ಸಿದ್ದಾಪುರದ ನೆಂಟರ ಮನೆಯಲ್ಲಿ ತಂಗಿ, ಬೆಳಿಗ್ಗೆ ಬಂಗಲೆಗೆ ಹೋದರು. ಹೆಂಗಸು ಕೈ ಎತ್ತಿ ಕೂಗುವುದು ಚೆನ್ನಾಗಿರುವುದಿಲ್ಲವಲ್ಲ; ಆದ್ದರಿಂದ ಪದ್ಮಾಕ್ಷಿ ಗಂಡನ ಹಿಂದೆ ನಿಲ್ಲುತ್ತಿದ್ದಳು.

"ನಾನು ಬೆನ್ನಿಗೆ ತಿವಿದ್ರೆ ಕೈ ಎತ್ತಿ. ಸುಮ್ನಿದ್ರೆ ಸುಮ್ನಿರಿ. ಯೋಚ್ನೆ ಮಾಡೋಕೆ ಹೋಗ್ಬೇಡಿ," ಎಂದಳು.

ತಿರುಮಲೇಶ್ವರ ಯೋಚನೆ ಮಾಡಲಿಲ್ಲ. ಆದರೆ ಅವನ ತಲೆಯ ಮೇಲಿನ ಮರದ ತುಂಬ ಕೆಂಜಿರುವೆ. ಪರದೆಗಳ ಸರದಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬೆನ್ನಿಗೆ ಚುಳ್ಳೆಂದಿತು. ಕೈ ಎತ್ತಿದ. ಮತ್ತೆ ಚುಳ್ಳೆಂದಿತು, ಮತ್ತೆ ಎತ್ತಿದ. ಮೂರನೆಯದು ಕುತ್ತಿಗೆಗೇ ಕಚ್ಚಿದಾಗ ಎರಡೂ ಕೈ ಎತ್ತಿ ಕುಣಿದುಬಿಟ್ಟ. ಅಷ್ಟು ಆಸೆಯಿಂದ ಕೇಳುವವರ ಎದುರು ಬೇರೆ ಯಾರೂ ಬಾಯಿ ಬಿಡಲಿಲ್ಲ. ಹರಾಜಿನವನು ಸುತ್ತಿಗೆ ಬಡಿದ. ಇಬ್ಬರು ಆಳುಗಳು ಒಳಗಿನಿಂದ ಒಂದು ಕರಡಿಯನ್ನು ಹೊತ್ತು ತಂದು ಮೇಷ್ಟ್ರ ಮುಂದೆ ನಿಲ್ಲಿಸಿದರು.

ದೊರೆ ಹೊಡೆದು ಹೊಟ್ಟು ತುಂಬಿಸಿದ ಕರಡಿ. ಹಿಂಗಾಲ ಮೇಲೆ ಆಳೆತ್ತರಕ್ಕೆ ನಿಂತು, ಒಂದು ಕೈ ಮುಂದೆ ಚಾಚಿ, ಆ ಕೈಯಲ್ಲಿ ಹಿತ್ತಾಳೆ ತಟ್ಟೆ ಹಿಡಿದಿತ್ತು. ಬಂಗಲೆಗೆ ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಬೇಕಿತ್ತಂತೆ. ತಲೆಯ ಕೂದಲನ್ನು ನುಸಿ ತಿಂದಿತ್ತು. ಒಂದು ಕಣ್ಣಿರಲಿಲ್ಲ.

"ನಾನು ತಿವೀಲೇ ಇಲ್ಲ!" ಎಂದಳು ಪದ್ಮಾಕ್ಷಿ.

"ಯಾರೋ ತಿವಿದ್ರು," ಎಂದ ತಿರುಮಲೇಶ್ವರ ಬೆನ್ನು ಕೆರೆಯುತ್ತ.

ಪರದೆಗಳು ಬೇರೆಯವರ ಪಾಲಾದವು. ಪದ್ಮಾಕ್ಷಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಳು. ಆಮೇಲೆ ಎದ್ದು ಕರಡಿಯ ಸುತ್ತ ಒಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಅವಳ ಮುಖದಲ್ಲಿ ಕಳೆ ಬಂದದ್ದನ್ನು ಕಂಡು ಗಂಡ ಗಾಡಿ ತರಿಸಿದ. ಆ ಕಳೆ ಅವನಿಗೆ ಗೊತ್ತಿತ್ತು.

"ಎತ್ತು ಹೆದರ್ತವೆ ಅಮ್ಮಾ, ಇದ್ರ ಮುಖಕ್ಕೆ ಎಂತಾದ್ರೂ ಮುಚ್ಚಿ," ಎಂದ ಕೆಂಚ. ಗೋಣಿ ಮುಚ್ಚಿದರು. ಮುಖ ಮುಚ್ಚಿದರೂ ವಾಸನೆ ಎಲ್ಲಿ ಹೋಗುತ್ತದೆ? ಬೈದರೂ ಬಾಲ ತಿರುಚಿದರೂ ಹೆಜ್ಜೆ ಬದಲಿಸದ ಕೆಂಚನ ಎತ್ತುಗಳು ಆ ದಿನ ಮಡಿಕೇರಿಯ ಏರನ್ನು ಓಡುತ್ತಲೇ ಹತ್ತಿದವು.

ಮನೆಯಲ್ಲಿ ತಿಮ್ಮಪ್ಪಯ್ಯನವರು ಕರಡಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಪದ್ಮಾಕ್ಷೀ, ಕೊಂಬು ತಂದೆ, ಸುಮ್ಮನಿದ್ದೆ. ಪೀಪಾಯಿ ತಂದೆ, ಕೂತೆ. ಇದು ಹೆಣ ಮಾರಾಯ್ತಿ!"

"ನೀವು ಜಪಕ್ಕೆ ಕೂರೋ ಜಿಂಕೆ ಚರ್ಮ ಮಾವ?"

"ಅದು ಕೃಷ್ಣಾಜಿನ. ಶಾಸ್ತ್ರದಲ್ಲಿ ಉಂಟು."

"ಜಾಂಬವಂತ ಶಾಸ್ತ್ರದಲ್ಲಿ ಇಲ್ವಾ?"

ಜಾಂಬವಂತ ರಾಮನ ಕಡೆಯವನು; ಕೃಷ್ಣನಿಗೆ ಮಗಳನ್ನು ಧಾರೆ ಎರೆದವನು. ದೇವರ ಮಾವನನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ? ತಿಮ್ಮಪ್ಪಯ್ಯನವರು ಪಂಚಗವ್ಯ ಪ್ರೋಕ್ಷಣೆ ಮಾಡಿ, ಅಡುಗೆಮನೆಯ ಕಡೆಗೆ ಮಾತ್ರ ತರಕೂಡದು ಎಂದರು.

ಪದ್ಮಾಕ್ಷಿ ಕೆಲಸಕ್ಕೆ ಇಳಿದಳು. ಸೀಗೆ ನೀರಿನಲ್ಲಿ ಬಟ್ಟೆ ಅದ್ದಿ ಕರಡಿಯ ಮೈ ಒರೆಸಿದಳು, ಬಿಸಿಲಿಗೆ ನಿಲ್ಲಿಸಿದಳು, ಕೊಬ್ಬರಿ ಎಣ್ಣೆ ಸವರಿ ಬಾಚಿದಳು. ಹರಿದಲ್ಲಿ ಕರಿ ಉಣ್ಣೆಯಿಂದ ಹೊಲಿದಳು. ಇಲ್ಲದ ಕಣ್ಣಿನ ಜಾಗಕ್ಕೆ ಗಂಡನ ಕೋಟಿನ ಗುಂಡಿ ಬಂತು. ಎದೆಯ ಮೇಲೆ ಕೂದಲೇ ಉಳಿದಿರಲಿಲ್ಲ, ಅದಕ್ಕೆ ಶಾಲು ಹೊದಿಸಿದಳು. ಬೋಳು ತಲೆಗೆ ಹಳೆಯ ಜರಿಪೇಟ ಇಟ್ಟಳು. ಸೊಂಟಕ್ಕೆ ಒಂದು ಪಂಚೆ ಸುತ್ತಿದ್ದು ಗೋಮತಿಯ ಸಲಹೆ. ಹಾಗೇ ಬಿಟ್ಟರೆ ನನಗೇ ನಾಚಿಕೆ ಆಗುತ್ತದೆ ಅತ್ತಿಗೆ, ಎಂದಿದ್ದಳು ಅವಳು. ಕೊನೆಗೆ ಕರಡಿಯನ್ನು ನಡುಮನೆಯ ಮಬ್ಬು ಮೂಲೆಯಲ್ಲಿ ನಿಲ್ಲಿಸಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಜೋಡಿಸಿಟ್ಟರು.

ಗಂಡಿನ ಕಡೆಯವರು ಭಾಗಮಂಡಲದಿಂದ ಬರಬೇಕಿತ್ತು. ಹುಡುಗ ಮಹಾಬಲ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದವಳು ಸೋದರತ್ತೆ ತುಂಗಮ್ಮ. ಮಾತಿಗೆ ನಿಂತರೆ ತುಂಗಮ್ಮನನ್ನು ಗೆದ್ದವರಿಲ್ಲ ಎಂದು ಆ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಆದರೆ ಅದನ್ನು ಅವಳು ಒಪ್ಪುತ್ತಿರಲಿಲ್ಲ. ಈಚೆಗೆ ಕೊಡಗಿನಲ್ಲಿ ಮಂಜು ಹೆಚ್ಚಾಗಿದೆ ಎನ್ನುತ್ತಿದ್ದಳು.

ತಿಮ್ಮಪ್ಪಯ್ಯನವರೂ ತಿರುಮಲೇಶ್ವರನೂ ಅತಿಥಿಗಳನ್ನು ಎದುರುಗೊಳ್ಳಲು ದೊಡ್ಡ ರಸ್ತೆಯ ತಿರುವಿನಲ್ಲಿ ಹೋಗಿ ನಿಂತರು. ಗಾಡಿ ಹಿಂದಿನ ಓಣಿಯಿಂದ ಬಂತು. ಪದ್ಮಾಕ್ಷಿ ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಮಹಾಬಲ ಗಾಡಿಯಿಂದ ಹಣ್ಣಿನ ಬುಟ್ಟಿ ಇಳಿಸುವಷ್ಟರಲ್ಲಿ ತುಂಗಮ್ಮ ಕೋಲೂರಿಕೊಂಡು ಒಳಗೆ ನಡೆದೇಬಿಟ್ಟಳು. ಮೂಲೆಯಲ್ಲಿ ಪೇಟ, ಶಾಲು, ಪಂಚೆ ಕಂಡವು.

"ನಮಸ್ಕಾರ ಬೀಗರೇ," ಎಂದು ಪೀಪಾಯಿಯ ಮೇಲೆ ಕೂತಳು. "ಎದ್ದು ನಿಲ್ಲೋ ಉಪಚಾರ ಎಲ್ಲ ಬೇಡ, ಕೂತ್ಕೊಳ್ಳಿ."

ಬೀಗರು ಕೂರಲಿಲ್ಲ.

"ಇರ್ಲಿ, ದೊಡ್ಡವರ ಎದುರು ನಿಂತೇ ಮಾತಾಡೋ ಮನೆತನ. ಒಳ್ಳೇದೇ. ನಾನು ಸುತ್ತಿ ಬಳಸಿ ಹೇಳೋಳಲ್ಲ. ಮದುವೆ ಐದು ದಿನ ಆಗ್ಬೇಕು. ನಮ್ಮ ಕಡೆ ಜನಕ್ಕೆಲ್ಲ ಊಟ ಬಿಡಾರ ನಿಮ್ದು. ಹುಡುಗನಿಗೆ ಉಣ್ಣೆ ಕೋಟು, ಗಡಿಯಾರ. ನಂಗೆ ಒಂದು ಪಟ್ಟೆ ಸೀರೆ. ಏನಂತೀರಿ?"

ಮಾತು ಕೇಳಿ ಪದ್ಮಾಕ್ಷಿ ಜಾಲರಿ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಳು. ನೋಡಿದವಳು ಅಲ್ಲೇ ಕಂಬವಾದಳು. ಅದು ಕರಡಿ ಎಂದು ಹೇಳಿದರೆ ಬಂದ ಅತಿಥಿಗೆ ಅವಮಾನ. ಹೇಳದಿದ್ದರೆ? ಅವಳ ಬೆನ್ನ ಹಿಂದೆ ಗೋಮತಿ ಇಣುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ತುಂಗಮ್ಮ ಉತ್ತರಕ್ಕೆ ಕಾದಳು. ಬೀಗರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೈ ಮಾತ್ರ ಚಾಚಿಯೇ ಇತ್ತು.

"ಕೈ ನೀಡ್ತಿದ್ದೀರಿ? ನಾವು ನಿಮಗೆ ಕೊಡಬೇಕಾ?" ತುಂಗಮ್ಮ ಪೀಪಾಯಿಯ ಮೇಲೆ ನೆಟ್ಟಗಾದಳು. ಎದುರಿನವರು ಗೋಳಾಡುವುದು, ಲೆಕ್ಕ ಹೇಳುವುದು, ದೇವರ ಆಣೆ ಹಾಕುವುದು ಎಲ್ಲವನ್ನೂ ಅವಳು ಕಂಡಿದ್ದಳು. ಸುಮ್ಮನೆ ನಿಂತು ಕೈ ಚಾಚುವವರನ್ನು ಕಂಡಿರಲಿಲ್ಲ. "ಸರಿ, ಪಟ್ಟೆ ಸೀರೆ ಬಿಟ್ಟೆ. ಈ ವಯಸ್ಸಲ್ಲಿ ನಂಗ್ಯಾಕೆ."

ಚಾಚಿದ ಕೈ ಇಳಿಯಲಿಲ್ಲ.

"ಕೋಟು ಗಡಿಯಾರನೂ ಬೇಡ. ಕಚೇರೀಲಿ ಗಡಿಯಾರ ಉಂಟು ಅವ್ನಿಗೆ."

ಈ ಹೊತ್ತಿಗೆ ಮಹಾಬಲ ಬುಟ್ಟಿ ಹೊತ್ತು ಬಾಗಿಲಿಗೆ ಬಂದಿದ್ದ. ಅವನ ಕಣ್ಣಿಗೆ ಪೊರೆ ಇರಲಿಲ್ಲ. ಅತ್ತೆಯನ್ನು ನೋಡಿದ, ಕರಡಿಯನ್ನು ನೋಡಿದ, ಅಡುಗೆಮನೆಯ ಬಾಗಿಲಲ್ಲಿ ಕಣ್ಣಲ್ಲಿ ನೀರು ಸುರಿಸುತ್ತ ನಗು ತಡೆಯುತ್ತಿದ್ದ ಹುಡುಗಿಯನ್ನು ನೋಡಿದ. ಅವಳು ಹೇಳಬೇಡಿ, ಹೇಳಬೇಡಿ ಎಂದು ಕೈಯಾಡಿಸಿದಳು. ಅವನು ಬುಟ್ಟಿಯನ್ನು ಮೆಲ್ಲಗೆ ಇಳಿಸಿ, ತುಟಿಯ ಮೇಲೆ ಬೆರಳಿಟ್ಟು, ಗೋಡೆಗೆ ಒರಗಿ ನಿಂತ.

"ಐದು ದಿನ ಬೇಡ, ಒಂದೇ ದಿನ ಸಾಕು," ಎಂದಳು ತುಂಗಮ್ಮ. ಹಣೆಯಲ್ಲಿ ಬೆವರು ಕಂಡಿತ್ತು. "ಅರ್ಧ ಖರ್ಚು ನಮ್ದು. ಇನ್ನೂ ಕೈ ಇಳಿಸಲ್ಲ? ಪೂರ್ತಿ ನಮ್ದೇ! ಅಬ್ಬಬ್ಬ, ಎಂಥಾ ಗಟ್ಟಿ ಆಸಾಮಿ ಸ್ವಾಮೀ ನೀವು! ಮೂವತ್ತು ವರ್ಷದಿಂದ ಸಂಬಂಧ ಕುದುರಿಸ್ತಾ ಇದ್ದೀನಿ, ನಿಮ್ಮಂಥೋರನ್ನ ನೋಡಿಲ್ಲ."

ಅವಳು ಎದ್ದು ನಿಂತು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಎರಡೆಳೆಯ ಚಿನ್ನದ ಸರ ಇತ್ತು.

"ಇಗೊಳ್ಳಿ. ನಮ್ಮ ಮನೆಗೆ ಬರೋ ಸೊಸೆಗೆ ಅಂತ ಇಟ್ಟಿದ್ದು. ಇದಕ್ಕೂ ಹೂಂ ಅನ್ನದಿದ್ರೆ ನಾನು ಗಾಡಿ ಹತ್ತಿದೆ!"

ಸರ ತಟ್ಟೆಯಲ್ಲಿ ಠಣ್ಣೆಂದು ಬಿತ್ತು. ಕರಡಿ ಮೊದಲೇ ಸ್ವಲ್ಪ ಮುಂದಕ್ಕೆ ವಾಲಿತ್ತು. ಸರದ ಭಾರಕ್ಕೆ ಅದು ಇನ್ನಷ್ಟು ಬಾಗಿತು.

"ಹಾಂ! ತಲೆ ಬಾಗಿಸಿದ್ರು! ಒಪ್ಪಿದ್ರು!" ಎಂದು ತುಂಗಮ್ಮ ಹಿಗ್ಗಿದಳು.

ಕರಡಿ ಬಾಗುವುದನ್ನು ನಿಲ್ಲಿಸಲಿಲ್ಲ. ತಟ್ಟೆ, ಎಲೆ ಅಡಿಕೆ, ಜರಿಪೇಟಗಳ ಸಮೇತ ಬೀಗರು ಮೆಲ್ಲಗೆ ಬಂದು ತುಂಗಮ್ಮನ ಹೆಗಲ ಮೇಲೆ ಒರಗಿದರು.

"ಅಯ್ಯಯ್ಯೋ! ಬೀಗರೇ! ಒಪ್ಪಿಗೆ ಬಾಯಲ್ಲಿ ಹೇಳಿದ್ರೆ ಸಾಕಿತ್ತು! ಮಹಾಬಲಾ! ಅಪ್ಪಾ ಮಹಾಬಲಾ, ಬೀಗರು ಮೈಮೇಲೆ ಬಿದ್ರೋ!"

ಮಹಾಬಲ ಓಡಿ ಕರಡಿಯ ಸೊಂಟ ಹಿಡಿದ. ಪದ್ಮಾಕ್ಷಿ ಸೌಟು ಎಸೆದು ತೋಳು ಹಿಡಿದಳು. ಅದೇ ಹೊತ್ತಿಗೆ, ಕಾದು ಕಾದು ಸಾಕಾಗಿದ್ದ ತಿಮ್ಮಪ್ಪಯ್ಯನವರೂ ಮಗನೂ ಬಾಗಿಲಲ್ಲಿ ಕಾಣಿಸಿಕೊಂಡರು.

"ಯಾರದು?" ಎಂದಳು ತುಂಗಮ್ಮ, ಬಾಗಿಲ ಕಡೆ ತಿರುಗಿ.

"ನಾನು ತಿಮ್ಮಪ್ಪಯ್ಯ. ಹುಡುಗಿಯ ಅಪ್ಪ."

"ಹಾಗಾದ್ರೆ ಇವರು?"

ಬಾಣಲೆಯಲ್ಲಿ ಕೋಡುಬಳೆ ಸೀಯುವ ವಾಸನೆ ಬಂತು. ಕೊನೆಗೆ ಗೋಮತಿ ಒಂದು ಹೆಜ್ಜೆ ಮುಂದೆ ಬಂದು, ತಲೆ ತಗ್ಗಿಸಿ, ಹುಡುಗಿ ನೋಡಲು ಬಂದವರ ಮುಂದೆ ಆಡಬೇಕಾದ ಮೆಲುದನಿಯಲ್ಲೇ ಹೇಳಿದಳು: "ಕರಡಿ."

ತುಂಗಮ್ಮ ಕೈ ಚಾಚಿ ಬೀಗರ ಕೆನ್ನೆ ಸವರಿದಳು. ಮೂಗು ಮುಟ್ಟಿದಳು. ಕೋಟಿನ ಗುಂಡಿಯ ಮೇಲೆ ಬೆರಳು ನಿಂತಿತು.

"ಬದುಕಿದ್ಯೋ, ಸತ್ತದ್ದೋ?"

"ಸತ್ತು ತುಂಬಾ ವರ್ಷ ಆಗಿದೆ," ಎಂದಳು ಪದ್ಮಾಕ್ಷಿ. ಅವಳಿಗೆ ಅಳುವೇ ಬಂದಿತ್ತು. "ತಪ್ಪಾಯ್ತು. ನೀವು ಆಡಿದ ಮಾತು ಯಾವುದೂ ಲೆಕ್ಕಕ್ಕಿಲ್ಲ ಅಂತ ತಿಳ್ಕೊಳ್ಳಿ. ನಾವು ಯಾರಿಗೂ ಹೇಳಲ್ಲ."

ಮಹಾಬಲ ಬಗ್ಗಿ ಸರವನ್ನು ಎತ್ತಿ ಅತ್ತೆಯ ಕೈಗೆ ಇಟ್ಟ. "ಅತ್ತೆ, ನಾನು ಬಾಗಿಲಲ್ಲೇ ನಿಂತು ಎಲ್ಲ ನೋಡ್ದೆ. ಬೇಕು ಅಂತ್ಲೇ ಸುಮ್ನಿದ್ದೆ. ಬಯ್ಯೋದಿದ್ರೆ ನಂಗೆ ಬಯ್ಯಿ."

"ಯಾಕೆ ಸುಮ್ನಿದ್ದೆ?"

"ನೀನು ಒಂದೊಂದೇ ಬಿಡ್ತಾ ಬಂದಿದ್ದು ನಂಗೆ ಇಷ್ಟ ಆಯ್ತು," ಎಂದ ಅವನು. ಸ್ವಲ್ಪ ತಡೆದು, "ಹುಡುಗೀನೂ," ಎಂದ.

ತುಂಗಮ್ಮ ಪೀಪಾಯಿಯ ಮೇಲೆ ಕುಳಿತಳು. ಅವಳ ಭುಜ ಅಲುಗತೊಡಗಿತು. ಅಳುತ್ತಾಳೆಂದು ಎಲ್ಲರೂ ಹೆದರಿದರು. ಆದರೆ ಅವಳು ನಗುತ್ತಿದ್ದಳು. ಕೋಲು ಕೈಯಿಂದ ಜಾರಿ ಬೀಳುವಷ್ಟು, ಉಸಿರು ಸಿಕ್ಕಿಕೊಳ್ಳುವಷ್ಟು. ಪದ್ಮಾಕ್ಷಿ ಓಡಿ ನೀರು ತಂದುಕೊಟ್ಟಳು.

"ಆಡಿದ ಮಾತು ಆಡಿದ್ದೇ," ಎಂದಳು ತುಂಗಮ್ಮ ಕಣ್ಣೊರೆಸಿಕೊಂಡು. "ಎದುರಿಗೆ ಇದ್ದೋರು ಯಾರಾದ್ರೇನು, ಆಡಿದೋಳು ನಾನೇ ತಾನೆ. ಒಂದೇ ದಿನದ ಮದುವೆ, ಖರ್ಚು ನಮ್ದು, ಸರ ಹುಡುಗಿಗೆ. ಆದ್ರೆ ನಂಗೊಂದು ವರೋಪಚಾರ ಬೇಕೇ ಬೇಕು."

ತಿಮ್ಮಪ್ಪಯ್ಯನವರು ಕೈ ಮುಗಿದರು. "ಏನು ಬೇಕು, ಹೇಳಿ ತಾಯೀ."

"ಇವ್ರು," ಎಂದು ತುಂಗಮ್ಮ ಕರಡಿಯ ಶಾಲು ಹಿಡಿದಳು. "ನಮ್ಮನೇಲಿ ನನ್ನ ಮಾತು ಪೂರ್ತಿ ಕೇಳೋರು ಒಬ್ರೂ ಇಲ್ಲ. ನಡುವೆ ಬಾಯಿ ಹಾಕ್ದೆ ಇಷ್ಟು ಹೊತ್ತು ಕೇಳಿದೋರು ಇವ್ರೊಬ್ರೇ."

ಪದ್ಮಾಕ್ಷಿ ಕರಡಿಯ ಪೇಟ ಸರಿಮಾಡಿದಳು. ಎಷ್ಟು ಬಾಚಿದ್ದಳು, ಎಷ್ಟು ಹೊಲಿದಿದ್ದಳು! ನಾದಿನಿಯ ಮುಖ ನೋಡಿದಳು. ಗೋಮತಿ ನೆಲ ನೋಡುತ್ತಿದ್ದಳು, ಕಿವಿ ಮಾತ್ರ ಕೆಂಪಾಗಿತ್ತು.

"ಕರ್ಕೊಂಡು ಹೋಗಿ," ಎಂದಳು ಪದ್ಮಾಕ್ಷಿ. "ಮಳೆಗಾಲದಲ್ಲಿ ಒಲೆ ಹತ್ರ ನಿಲ್ಸಿ. ಇಲ್ದಿದ್ರೆ ಬೂಷ್ಟು ಹಿಡಿಯುತ್ತೆ."

ಮದುವೆ ಚೈತ್ರದಲ್ಲಿ ಆಯಿತು. ಹೆಣ್ಣನ್ನು ಕಳಿಸಿಕೊಡುವಾಗ ಮನೆಯವರೆಲ್ಲ ಅತ್ತರು. ಪದ್ಮಾಕ್ಷಿ ಅತ್ತದ್ದರಲ್ಲಿ ಗೋಮತಿಯ ಪಾಲೆಷ್ಟು, ಕರಡಿಯ ಪಾಲೆಷ್ಟು ಎಂದು ತಿರುಮಲೇಶ್ವರ ಕೇಳಲು ಹೋಗಲಿಲ್ಲ.

ಆಷಾಢಕ್ಕೆ ಗೋಮತಿ ತವರಿಗೆ ಬಂದಳು. ಪದ್ಮಾಕ್ಷಿ ಅವಳ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಕೇಳಿದಳು: "ತುಂಗಮ್ಮ ಹೇಗೆ? ಜೋರಾ?"

"ನನ್ನ ಹತ್ರ ಜಾಸ್ತಿ ಮಾತೇ ಇಲ್ಲ ಅತ್ತಿಗೆ. ಮಧ್ಯಾಹ್ನ ಊಟ ಆದ ಕೂಡ್ಲೇ ಬೀಗರ ಎದುರು ಕೂರ್ತಾರೆ. ನನ್ನ ಮೇಲೆ ದೂರು ಹೇಳೋಕೆ ಅಂತ ನಾನೂ ತಿಳ್ಕೊಂಡಿದ್ದೆ. ಒಂದಿನ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ."

"ಏನಂತಿದ್ರು?"

"ನಿಮ್ಮ ಮಗಳ ಕೈಯಲ್ಲಿ ಸಾರು ಚೆನ್ನಾಗಿ ಬರುತ್ತೆ ಬೀಗರೇ, ಆದ್ರೆ ಅವಳಿಗೆ ಹೇಳ್ಬೇಡಿ, ಅಂತಿದ್ರು."