ಹಿಟ್ಟು ಹತ್ತಿದ ಬೆರಳು

ತಪ್ಪ ತಪ್ಪ ತಪ್ಪ, ರೊಟ್ಟಿ ಬಡಿಯುವ ಸದ್ದು ನಿಂತಿತು, ಗುರವ್ವ ಈಗ ಫೋನ್ ಕಡೆ ನೋಡುತ್ತಾಳೇನೋ, ಇಲ್ಲ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು ಅಷ್ಟೇ, ಮತ್ತೆ ತಪ್ಪ ತಪ್ಪ — ವಿಜಯಲಕ್ಷ್ಮಿ ಬಿಗಿಹಿಡಿದ ಉಸಿರು ಬಿಟ್ಟರು. ಗುರವ್ವನ ಫೋನು ಉಪ್ಪಿನ ಡಬ್ಬಿಗೆ ಒರಗಿ ನಿಂತಿದೆ, ಅದರೊಳಗೆ ಒಂಟಿಕಾಲಿನ ಹುಡುಗಿಯೊಬ್ಬಳು ಕುಣಿದು ಮುಗಿಸಿದಳು, ಚಪ್ಪಾಳೆ, ಈಗ ಕೋಟು ಹಾಕಿದವನೊಬ್ಬ ಸೋಲಬೇಡಿ ಎನ್ನುತ್ತಿದ್ದಾನೆ. ಮೊಮ್ಮಗಳು ಮಾಲಾ ಹಚ್ಚಿಕೊಟ್ಟು ಕಾಲೇಜಿಗೆ ಹೋಗ್ಯಾಳ್ರಿ ಅಕ್ಕೋರ, ಒಂದು ಮುಗದ್ರ ಇನ್ನೊಂದು ತಾನ ಬರ್ತೈತಿ, ಎಂಥೆಂಥಾ ಮಂದಿ ಅದಾರ ನೋಡ್ರಿ. ತಾನೇ ಬರುತ್ತದೆ — ಅದೇ ಭಯ, ನಿನ್ನೆ ತಮ್ಮ ಫೋನಿನಲ್ಲೂ ತಾನೇ ಬಂತು, ನಿಮಗಾಗಿ ಎಂದು, ಬಾಗೇವಾಡಿಯ ಮಹಿಳಾ ಸಮಾವೇಶದಲ್ಲಿ ತಾವೇ ಮಾಡಿದ ಭಾಷಣ, ಬಾಯಿ ತೆರೆದ ತಮ್ಮದೇ ಮುಖ, ನಲವತ್ತು ಸಾವಿರ ಜನ ನೋಡಿದ್ದಾರೆ. ಬೆಳಗಿನ ಬಸ್ಸಿಗೇ ಮನಗೂಳಿಗೆ ಬಂದದ್ದು ಅದಕ್ಕೇ, ಅವಳು ನೋಡುವ ಮೊದಲು ಹೇಳಿಬಿಡಬೇಕು, ಆಯಿ ಇಳೀಲಿ ತಡ್ರಿ ಎಂದು ಕಂಡಕ್ಟರ್ ಕೈಹಿಡಿದು ಇಳಿಸಿದ, ಅಷ್ಟಕ್ಕೇ ಕಣ್ಣು ತುಂಬಿತ್ತು, ಗುರವ್ವಾ ನಾ ಒಂದು ತಪ್ಪು ಮಾಡೇನಿ ಎನ್ನಬೇಕು — ಬಾಯಿಂದ ಬಂದದ್ದು, ರೊಟ್ಟಿ ಭಾಳ ಛಲೋ ಆಗ್ಯಾವ. ನಿಮ್ಮ ಹಲ್ಲಿಗಂತ ಮೆತ್ತಗ ಮಾಡೇನ್ರಿ, ಬಿಸಿ ಇರೂತನಾ ತಿನ್ರಿ.

ವಿಜಯಲಕ್ಷ್ಮಿ ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟರು. ತಾವು ಟೀಚರಾಗಿದ್ದ ಶಾಲೆಯ ಅಡುಗೆಮನೆ, ಅಕ್ಕಿಚೀಲಗಳ ಹಿಂದೆ, ಮಕ್ಕಳು ಉಂಡು ಹೋದ ಮೇಲೆ, ಅಡುಗೆ ಮಾಡುವ ಐವತ್ತರ ಗುರವ್ವ, ಪರಾತದಲ್ಲಿ ಹಿಟ್ಟು ಹರವಿ ಮೊದಲ ಅ ಬರೆದದ್ದು, ಬೆರಳಿಟ್ಟು ಓದವ್ವಾ, ಬೆರಳು ಸರಿಸು, ಅವಸರ ಬ್ಯಾಡ. ಅದಕ್ಕೂ ಮೊದಲು ಶಾಲೆ ತಪಾಸಣೆಗೆ ಸಾಹೇಬರು ಬಂದಾಗಲೆಲ್ಲ ಓದುವವಳಂತೆ ಪೇಪರ್ ಹಿಡಿದು ಕೂರುತ್ತಿದ್ದಳು, ತಲೆಕೆಳಗೆ, ಅದನ್ನು ಗಮನಿಸಿದವರು ತಾವೊಬ್ಬರೇ. ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ, ಸಾಲ್ಯಾಗ ಏಳನೇತ್ತ ಪಾಸಾಗೇನಿ ಅಂತ ಸೊಸಿಗೂ ಹೇಳೇನಿ. ಇಲ್ಲವ್ವಾ ಎಂದು ಕೈಮೇಲೆ ಕೈಯಿಟ್ಟಿದ್ದರು, ಹದಿನೆಂಟು ವರ್ಷ ಹೇಳಲಿಲ್ಲ, ಬಾಗೇವಾಡಿಯಲ್ಲಿ ಮೈಕ್ ಮುಂದೆ ಹೇಳಿದರು, ಹೆಸರು ಊರು ಸಮೇತ, ಪೇಪರನ್ನು ತಲೆಕೆಳಗೆ ಹಿಡಿದು ತೋರಿಸಿದರು, ಸಭೆ ನಕ್ಕಿತು, ಆ ನಗು ಹಿತವೆನಿಸಿ ಇನ್ನೊಮ್ಮೆ ತೋರಿಸಿದರು — ಇನ್ನೊಮ್ಮೆ ಯಾಕೆ ತೋರಿಸಿದೆ, ಇವಳು ಈಗ ಊರಿನ ಮಹಿಳಾ ಸಂಘದ ಅಧ್ಯಕ್ಷೆ, ಊರೆಲ್ಲ ಇವಳ ಸಹಿ ನೋಡಿದೆ, ಮಾಲಾಳ ಫೋನಿಗೂ ಅದು ಬರುತ್ತದಲ್ಲ, ಸೊಸೆಯ ಫೋನಿಗೂ — ಕೋಟಿನವನು ಮುಗಿಸಿದ, ಚಪ್ಪಾಳೆ. ಗುರವ್ವಾ, ಅದನ್ನ ಬಂದ್ ಮಾಡು, ನಂದೊಂದು ಮಾತೈತಿ. ತಡೀರಿ ಅಕ್ಕೋರ, ಇದು ಯಾರಿದು, ಅಯ್ಯ, ನೀವ ಅದೀರಲ್ರಿ! ಸುದ್ದಿನ ಹೇಳಿಲ್ಲ ನೋಡ್ರಿ, ಭಾರಿ ಅದೀರಿ ಬಿಡ್ರಿ, ಪೇಪರ್ ಯಾಕ ಹಂಗ ಹಿಡದೀರಿ, ಮಂದಿ ನಗೂ ಸಪ್ಪಳದಾಗ ಮಾತ ಕೇಳಸವಲ್ದು, ಇರ್ರಿ, ಏನ್ ಬರದಾರ ಓದ್ತೇನಿ — ಈಗಲೂ ಬೆರಳಿಟ್ಟೇ ಓದುತ್ತಾಳೆ, ಹಿಟ್ಟು ಹತ್ತಿದ ಬೆರಳು, ಗಾಜಿಗೆ ತಾಗದಂತೆ, ಚಿತ್ರದ ಕೆಳಗಿನ ಸಾಲಿನ ಮೇಲೆ, ಮ, ನ, ಗೂ, ಳಿ, ಯ, ತಾವು ಕಲಿಸಿದ ಹಾಗೆಯೇ, ಅವಸರವಿಲ್ಲದೆ, ನಮ್ಮೂರ ಹೆಸರ ಐತ್ರಿ, ಗು, ರ, ಹಂಚಿನ ಮೇಲೆ ರೊಟ್ಟಿ ಹೊತ್ತಿದ ವಾಸನೆ, ಬೆರಳು, ವ್ವ ಎಂಬಲ್ಲಿ ನಿಂತ ಬೆರಳು, ಹಿಟ್ಟು ಹತ್ತಿದ ಬೆರಳು, ಮುಂದಕ್ಕೆ ಸರಿಯದ ಬೆರಳು