ತಪ್ಪದೆ ಬರತಕ್ಕದ್ದು

ಮಂಗಳವಾರ ಮೂರು ಗಂಟೆಗೆ ನಾನು ಕರೆದಿದ್ದ ಪೋಷಕರ ಸಭೆಗೆ ಒಬ್ಬರೂ ಬರಲಿಲ್ಲ. ನಾಲ್ಕೂವರೆಯವರೆಗೆ ಕಾದೆ. ಭಜನೆ ಮನೆಯಿಂದ ತಂದು ಹಾಸಿದ್ದ ಎರಡು ಜಮಖಾನೆಗಳ ಮೇಲೆ ಒಂದು ಕೋಳಿ ಓಡಾಡಿಕೊಂಡು ಹೋಯಿತು, ಅಷ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಈ ಗೋಡೆಯಿಂದ ಆ ಗೋಡೆಗೆ ನಡೆದೆ, ಬಾಗಿಲಿಗೆ ಹೋಗಿ ಇಣುಕಿದೆ, ಮತ್ತೆ ನಡೆದೆ. ಈ ಊರಿನವರಿಗೆ ಹಸುವಿನ ಮೇಲಿರುವ ಕಾಳಜಿ ಮಕ್ಕಳ ಮೇಲಿಲ್ಲ ಎಂದು ಜೊತೆಯ ಮೇಷ್ಟ್ರು ಕುಳ್ಳಯ್ಯನವರಿಗೆ ಕೇಳುವಂತೆಯೇ ಹೇಳಿದೆ. ಅವರು ಜಮಖಾನೆ ಸುತ್ತುತ್ತಾ, "ಬುಡಿ ಟೀಚರೇ, ಇವರೆಲ್ಲ ಇಂಗೇಯ" ಎಂದರು. ಅಷ್ಟರಲ್ಲಿ ಕೆರೆ ಏರಿಯ ಮೇಲೆ ನಾಲ್ಕೂಮುಕ್ಕಾಲರ ಬಸ್ಸು ಹಾರ್ನ್ ಹೊಡೆಯಿತು. ಬ್ಯಾಗು, ಕೊಡೆ ಎತ್ತಿಕೊಂಡು ಓಡಿದೆ.

ಅದು ತೊಂಬತ್ತೇಳನೇ ಇಸವಿಯ ನವೆಂಬರು. ಸಿಂಧಘಟ್ಟದಿಂದ ಆಚೆಗೆ ಎರಡು ಮೈಲಿ ದೂರದ ಆ ಊರಿನ ಶಾಲೆಗೆ ನಾನು ಹೆಡ್‌ಮಿಸ್ಸಾಗಿ ಬಂದು ಐದು ತಿಂಗಳಾಗಿತ್ತು. ನನ್ನ ಮನೆ ಗಂಜಾಂನಲ್ಲಿ. ದಿನವೂ ಪಾಂಡವಪುರದಲ್ಲಿ ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕು. ನಾಲ್ಕೂಮುಕ್ಕಾಲರದ್ದು ಹೋದರೆ ಆ ಊರಿನಿಂದ ಬೇರೆ ಬಸ್ಸಿಲ್ಲ. ಹಾಗಾಗಿ ನಾಲ್ಕೂಮುಕ್ಕಾಲರ ನಂತರ ಆ ಊರು ಹೇಗಿರುತ್ತದೆಂದು ನಾನು ಒಂದು ದಿನವೂ ನೋಡಿರಲಿಲ್ಲ. ಅದು ಕೊರತೆಯೆಂದು ನನಗೆ ಅನ್ನಿಸಿಯೂ ಇರಲಿಲ್ಲ.

ಮಂಡ್ಯದ ತರಬೇತಿಯಲ್ಲಿ ಪೋಷಕರನ್ನು ಶಾಲೆಯ ಒಳಗೆ ತರಬೇಕು ಎಂದು ಮೂರು ದಿನ ಹೇಳಿದ್ದರು. ನಾನು ಉತ್ಸಾಹದಿಂದ ಬಂದು ಏಳನೇ ಕ್ಲಾಸಿನ ಇಪ್ಪತ್ತಾರು ಮನೆಗಳಿಗೆ ಕಾರ್ಬನ್ ಇಟ್ಟು ಚೀಟಿ ಬರೆದೆ. "ತಮ್ಮ ಮಗನ ಅಥವಾ ಮಗಳ ವಿಷಯವಾಗಿ ಮಾತನಾಡುವುದಿದೆ. ಮಂಗಳವಾರ ಮೂರು ಗಂಟೆಗೆ ಶಾಲೆಗೆ ತಪ್ಪದೆ ಬರತಕ್ಕದ್ದು." ಮಕ್ಕಳ ಕೈಗೆ ಕೊಟ್ಟರೆ ಕಾಗದದ ದೋಣಿಯಾಗುತ್ತದೆಂದು, ಅವರಿಗೆ ಸುಳಿವೂ ಕೊಡದೆ, ಮಂಗಳವಾರ ಬೆಳಿಗ್ಗೆ ಅವರು ಕ್ಲಾಸಿನಲ್ಲಿದ್ದಾಗ ಜವಾನ ಮರಿಯಯ್ಯನ ಕೈಗೆ ಕೊಟ್ಟು ಮನೆಮನೆಗೆ ಕಳಿಸಿದೆ.

ಬುಧವಾರ ಒಂಬತ್ತು ಮಕ್ಕಳು ಬರಲಿಲ್ಲ. ಬಂದವರಲ್ಲಿ ನಾಲ್ಕೈದು ಮುಖಗಳು ಊದಿಕೊಂಡಿದ್ದವು. ಏನಾಯಿತೆಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಗುರುವಾರ ಆರು ಮಕ್ಕಳು ವಾಪಸು ಬಂದರು. ಉಮ ಬರಲಿಲ್ಲ.

ಉಮ ಬರದಿದ್ದದ್ದೇ ನನ್ನನ್ನು ಕಾಡಿತು. ಏಳನೆಯವರು ಪಬ್ಲಿಕ್ ಪರೀಕ್ಷೆಗೆ ಕಟ್ಟುವ ಅರ್ಜಿಗಳು ಶುಕ್ರವಾರ ಮಧ್ಯಾಹ್ನದೊಳಗೆ ಕೆ.ಆರ್. ಪೇಟೆಯ ಕಚೇರಿ ಸೇರಬೇಕಿತ್ತು. ಇಪ್ಪತ್ತೈದು ಅರ್ಜಿಗಳಿಗೆ ಪೋಷಕರ ಸಹಿ ಬಿದ್ದಾಗಿತ್ತು. ಉಮಳದ್ದು ಒಂದೇ ಬಾಕಿ. ಹೆಣ್ಣುಮಗಳನ್ನು ಮುಂದಕ್ಕೆ ಓದಿಸುವುದೋ ಬೇಡವೋ ಎಂದು ಅವಳ ಅಪ್ಪ ಚಿಕ್ಕಸಿದ್ದಯ್ಯ ಯೋಚನೆ ಮಾಡುತ್ತಿದ್ದಾನೆಂದು ಗೊತ್ತಿತ್ತು. ಸಭೆ ಕರೆಯುವಾಗ ನನ್ನ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದವನೂ ಅವನೇ. ಈ ವರ್ಷ ಪರೀಕ್ಷೆ ತಪ್ಪಿಸಿಕೊಂಡರೆ ಆ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ.

ಮೂರನೇ ಪೀರಿಯಡ್ಡಿಗೆ ಮರಿಯಯ್ಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಉಮನ್ನ ಬುಡಿಸ್ಬುಟ್ರಂತೆ ಟೀಚರೇ."

"ಯಾಕೆ?"

"ಚೀಟಿ ಓಗಿತ್ತಲ್ಲಾ."

"ಚೀಟಿಗೂ ಬಿಡಿಸುವುದಕ್ಕೂ ಏನು ಸಂಬಂಧ? ಏನು ಹೇಳಿ ಕೊಟ್ಟೆ ನೀನು?"

"ನಾನೇನೂ ಏಳ್ನಿಲ್ಲ ಕಣ್ರವ್ವ. ಇತ್ತಲಿಗೆ ಕರ್ದು, ಯಾರೂ ನೋಡ್ದಂಗೆ ಕೈಗೆ ಕೊಟ್ಟು ಬಂದೆ. ಮೊದ್ಲಿನ್ ಎಡ್ಮಾಸ್ಟ್ರ ಕಾಲ್ದಿಂದ್ಲೂ ಅಂಗೇಯ. ಇಸ್ಕೂಲಿಂದ ಚೀಟಿ ಬಂತು ಅಂದ್ರೆ ದೂರು ಬಂತು ಅಂತ್ಲೇ ಅಲ್ವಾ. ಮನೆ ಮರ್ವಾದೆ ನೋಡಿ, ಅದ್ಕೇ ಇತ್ತಲಿಗೆ ಕರೀತೀನಿ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಇಪ್ಪತ್ತಾರು ಹಿತ್ತಲುಗಳಲ್ಲಿ ಇಪ್ಪತ್ತಾರು ಅಪ್ಪಂದಿರು ತಮ್ಮ ಮಗುವಿನ ಮೇಲೆ ಮಾತ್ರ ದೂರು ಬಂದಿದೆಯೆಂದು ತಿಳಿದಿದ್ದರು. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ. ಹದಿಮೂರು ವರ್ಷದ ಹೆಣ್ಣುಮಗಳ ಮೇಲೆ ದೂರು ಬಂದಿದೆ ಎಂದರೆ ಯಾರೊಂದಿಗೆ ಮಾತಾಡಿದಳು ಎನ್ನುವ ಒಂದೇ ಪ್ರಶ್ನೆ. ಈ ಅನರ್ಥವನ್ನು ನಾನೇ ಕೈಯಾರೆ ಬರೆದು ಕಳಿಸಿದ್ದೆ.

ಆಗಲೇ ಉಮಳ ಮನೆಗೆ ಹೊರಟೆ. ಮರಿಯಯ್ಯ ತಡೆದ. "ಈಗ ಓದ್ರೆ ಬೀಗ ಆಕಿರ್ತದೆ. ತಾಯಿ ಮಗಳು ಇಬ್ರೂ ಗದ್ದೆಗೆ ಓಗ್ತಾರೆ. ಐದೂವರೆಗೆ ಡೈರಿ ತಾವ ಬನ್ನಿ, ಚಿಕ್ಕಸಿದ್ದಯ್ಯ ಸಿಕ್ತಾನೆ. ಊರೇ ಅಲ್ಲಿರ್ತದೆ."

ನಾಲ್ಕೂಮುಕ್ಕಾಲಿಗೆ ಬಸ್ಸು ಬಂತು. ಕಂಡಕ್ಟರು ನನ್ನನ್ನು ನೋಡಿ ಬಾಗಿಲು ಹಿಡಿದು ನಿಂತ. ಕಾಲು ತಾನಾಗಿಯೇ ಎರಡು ಹೆಜ್ಜೆ ಮುಂದಿಟ್ಟಿತು. ಬರುವುದಿಲ್ಲ ಎಂದು ಕೈ ಆಡಿಸಿದೆ. ಬಸ್ಸು ಕೆರೆ ಏರಿಯ ತಿರುವಿನಲ್ಲಿ ಮರೆಯಾಯಿತು. ಡೈರಿಯ ಜಗಲಿಯಲ್ಲಿ ಕೂತೆ, ಎದ್ದೆ, ಅರ್ಜಿ ತೆಗೆದು ನೋಡಿದೆ, ಮಡಚಿ ಇಟ್ಟೆ. ಗಡಿಯಾರ ಮುಂದೆ ಹೋಗುತ್ತಲೇ ಇರಲಿಲ್ಲ.

ಐದೂ ಕಾಲಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಕ್ಯಾನು ಹಿಡಿದವರು, ತಂಬಿಗೆ ಹಿಡಿದವರು, ಸೈಕಲ್ಲಿಗೆ ನೇತುಹಾಕಿಕೊಂಡವರು. ಐದೂವರೆಗೆ ಅರಳಿಮರದವರೆಗೂ ಸಾಲು. ಐದು ತಿಂಗಳಿಂದ ನಾನು ಹುಡುಕುತ್ತಿದ್ದ ಅಪ್ಪ ಅಮ್ಮಂದಿರೆಲ್ಲ ಕೈ ಕಾಲು ತೊಳೆದುಕೊಂಡು, ಮಾತಾಡುವುದಕ್ಕೆ ಪುರುಸೊತ್ತಾಗಿ, ದಿನವೂ ಇಲ್ಲಿ ಅರ್ಧ ಗಂಟೆ ಸಾಲಾಗಿ ನಿಲ್ಲುತ್ತಿದ್ದರು. ನನಗೆ ನಾಚಿಕೆಯಾಯಿತು.

ಚಿಕ್ಕಸಿದ್ದಯ್ಯ ಸಾಲಿನ ನಡುವೆ ಇದ್ದ. ನಾನು ಹತ್ತಿರ ಹೋದ ಕೂಡಲೇ ಮುಖ ತಿರುಗಿಸಿದ.

"ಉಮಳ ವಿಷಯ ಮಾತಾಡಬೇಕಿತ್ತು."

"ಇಲ್ಲಿ ಬ್ಯಾಡಿ ಟೀಚರೇ. ಬುಡಿಸಾಯ್ತಲ್ಲ, ಮುಗೀತು."

"ಅವಳು ಏನೂ ತಪ್ಪು ಮಾಡಿಲ್ಲ."

"ತಪ್ಪು ಮಾಡ್ನಿಲ್ಲ ಅಂದ್ರೆ ಚೀಟಿ ಯಾಕ್ ಬತ್ತಿತ್ತು?" ಅವನು ದನಿ ತಗ್ಗಿಸಿದ. "ಊರ್ನಲ್ಲಿ ಇಷ್ಟು ಮನೆ ಅವೆ. ನಮ್ಮನೆಗೊಂದೇ ಯಾಕ್ ಬತ್ತಿತ್ತು?"

"ನಿಮ್ಮ ಮನೆಗೊಂದೇ ಅಲ್ಲ. ಏಳನೇ ಕ್ಲಾಸಿನ ಎಲ್ಲರ ಮನೆಗೂ ಕಳಿಸಿದ್ದೆ."

ಅವನು ನಂಬಲಿಲ್ಲ. ನಾನು ಸಾಲಿಗೆ ತಿರುಗಿದೆ. "ಚೀಟಿ ಬಂದವರು ದಯವಿಟ್ಟು ಹೇಳಿ" ಎಂದೆ. ಒಬ್ಬರು ಕ್ಯಾನಿನೊಳಗೆ ನೋಡಿದರು, ಒಬ್ಬರು ಅರಳಿಮರ ನೋಡಿದರು. ಬೆಟ್ಟಮ್ಮ ಎಂಬಾಕೆ, ಮೊನ್ನೆ ಮಗನ ಬೆನ್ನ ಮೇಲೆ ಬರೆ ಎಳೆದವಳೆಂದು ಆಮೇಲೆ ತಿಳಿಯಿತು, ಸೆರಗು ಸರಿಮಾಡಿಕೊಂಡಳು. ನನ್ನ ಸಿಟ್ಟು ನೆತ್ತಿಗೇರಿತು. ಒಂದು ಮಗುವಿನ ಓದು ಹೋಗುತ್ತಿದೆ, ಇವರಿಗೆ ಮರ್ಯಾದೆಯ ಯೋಚನೆ. ಬಾಯಿಗೆ ಬಂದದ್ದನ್ನು ಇನ್ನೇನು ಅಂದುಬಿಡುತ್ತಿದ್ದೆ.

ಆಗ ಒಳಗೆ ಹಾಲು ಅಳೆಯುತ್ತಿದ್ದ ಡೈರಿ ಸೆಕ್ರೆಟರಿ ಮಂಚಯ್ಯ ಅಳತೆ ಪಾತ್ರೆ ಕೆಳಗಿಟ್ಟ. ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಅವನ ಮಗಳು ಅರ್ಪಿತ ಉಮಳ ಪಕ್ಕದಲ್ಲೇ ಕೂರುವವಳು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ.

"ನಂಗೂ ಬಂದಿತ್ತು ಕಣ್ಲಾ ಚಿಕ್ಕಸಿದ್ದ. ನಮ್ ಮಗೀನ ಎರಡು ದಿನ ನಾನು ಮಾತೇ ಆಡ್ಸಿಲ್ಲ."

ಆಮೇಲೆ ಹಿಂದಿನಿಂದ ಒಬ್ಬ ಎಲೆಅಡಿಕೆ ಚೀಲದಿಂದ ತನ್ನ ಚೀಟಿ ತೆಗೆದ. ಇನ್ನೊಬ್ಬ ಸೊಂಟದಿಂದ. ಬೆಟ್ಟಮ್ಮ ಸೆರಗಿನ ಗಂಟು ಬಿಚ್ಚಿದಳು. ಮೂರು ದಿನದಿಂದ ಮೈಮೇಲೆ ಇಟ್ಟುಕೊಂಡು ತಿರುಗಿ ಬೆವರಿಗೆ ಮೆತ್ತಗಾಗಿದ್ದ ಕಾಗದಗಳು. ಒಬ್ಬರದನ್ನು ಇನ್ನೊಬ್ಬರು ಇಣುಕಿ ನೋಡಿದರು. "ಎಲ್ಲಾ ಒಂದೇ ತರ ಅದಲ್ಲಾ" ಎಂದು ಯಾರೋ ಅಂದರು. ಬೆಟ್ಟಮ್ಮ ಮಾತ್ರ ನನ್ನನ್ನೇ ದಿಟ್ಟಿಸಿದಳು. "ಸುಮ್ಕೆ ಮಾತಾಡಕ್ಕೆ ಅಂತ ಬರ್ದಿದ್ರೆ ಆಗ್ತಿರ್ನಿಲ್ವಾ ಟೀಚರೇ? ಮಗೀಗೆ ಒಡ್ದ್ಬುಟ್ಟೆ ನಾನು."

ತಪ್ಪು ನನ್ನದು ಎಂದೆ. ಅಷ್ಟು ಜನರ ಮುಂದೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

"ಮುಂದಿನ್ ಸಲ ಇಲ್ಲೇ ಜಗಲಿ ಮ್ಯಾಲೆ ಮಾಡಿ, ಆಲು ಅಳ್ದ್ಮೇಲೆ" ಎಂದು ಮಂಚಯ್ಯ ಪಾತ್ರೆ ಎತ್ತಿಕೊಂಡ. "ಏಳು ಗಂಟೆ ಬಸ್ಸಿಗೆ ಸಿಂಧಘಟ್ಟಕ್ಕೆ ನನ್ ಟಿವಿಎಸ್ಸಲ್ಲಿ ಬುಟ್ಟು ಬತ್ತೀನಿ. ಮದ್ಲು ಅವ್ನ ಮನೆಗೆ ಓಗ್ಬನ್ನಿ."

ಚಿಕ್ಕಸಿದ್ದಯ್ಯ ನನ್ನ ಮುಂದೆ ಹೊರಟ. ಖಾಲಿ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಲೇ ನಡೆದ. ಮನೆಯಲ್ಲಿ ಅವನ ಹೆಂಡತಿ ಲಕ್ಷ್ಮಿದೇವಮ್ಮ ನನ್ನನ್ನು ಕಂಡು ಗೋಡೆಗೆ ಒರಗಿದಳು. ಇನ್ನೂ ದೊಡ್ಡ ದೂರೇ ಬಂತೆಂದುಕೊಂಡಳೇನೋ. "ಏನೂ ಇಲ್ಲ ಕಣೆ. ಊರ್ಗೆಲ್ಲ ಓಗಿತ್ತಂತೆ ಚೀಟಿ" ಎಂದು ಅವನು ಹೇಳಿದ. ಅವಳು ಅಲ್ಲೇ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಉಮ ಒಳಗಿನಿಂದ ಬಂದಳು. ಕಣ್ಣು ಬಾತಿದ್ದವು. ನಾನು ಬಾಯಿ ತೆರೆಯುವ ಮೊದಲೇ ನೋಟ್‌ಬುಕ್ಕು ಚಾಚಿದಳು. "ಜ್ಞಾಪಿಸ್ಕೊಂಡು ಎಲ್ಲಾ ಬರ್ದಿವ್ನಿ ಮಿಸ್. ಇದ್ರಲ್ಲಿ ಯಾವ್ದಕ್ಕೆ ಚೀಟಿ ಬಂತು ಅಂತ ಗೊತ್ತಾಗ್ನಿಲ್ಲ."

ಕೊನೆಯ ಹಾಳೆಯಲ್ಲಿ ಗೆರೆ ಎಳೆದು, ನಂಬರು ಹಾಕಿ, ದುಂಡಗೆ ಬರೆದಿದ್ದಳು. ಎರಡು ಸೀಮೆಸುಣ್ಣ ಮನೆಗೆ ತಂದದ್ದು. ಅರ್ಪಿತಳ ಲೆಕ್ಕ ನೋಡಿ ಬರೆದದ್ದು. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಬಿಟ್ಟದ್ದು. ಹಾಜರಿ ಕೂಗುವಾಗ ಗೆಳತಿಯ ಪರವಾಗಿ ಎಸ್ ಮಿಸ್ ಎಂದದ್ದು. ನಾನು ಗಟ್ಟಿಯಾಗಿ ಓದುತ್ತಾ ಹೋದೆ. ಚಿಕ್ಕಸಿದ್ದಯ್ಯ ಪ್ರತಿಯೊಂದಕ್ಕೂ ತಲೆ ಎತ್ತಿ, ಇನ್ನು ಮುಂದಿನದರಲ್ಲಿ ಬರುತ್ತದೆ ಎನ್ನುವ ಹಾಗೆ ಕಾಯುತ್ತಿದ್ದ. ಎಂಟು ಓದಿದೆ. ಒಂಬತ್ತನೆಯದಕ್ಕೆ ನನ್ನ ದನಿ ನಿಂತಿತು.

ಅವನು ಪುಸ್ತಕ ತೆಗೆದುಕೊಂಡು ತಾನೇ ಅಕ್ಷರ ಕೂಡಿಸಿ ಓದಿದ. "ದಿನಾ ಗಂಟೆ ಹೊಡೆಯುವ ಮುಂಚೆಯೇ ಮಿಸ್ಸು ಬಸ್ಸಿಗೆ ಓಡುವುದನ್ನು ಮಾಡಿ ತೋರಿಸಿ ನಕ್ಕಿದ್ದೆ."

ಓದಿ ಮುಗಿಸಿದ ಮೇಲೂ ಅವನು ಹಾಳೆಯನ್ನೇ ನೋಡುತ್ತಿದ್ದ. "ಇಷ್ಟೇಯೇನವ್ವ?" ಎಂದು ಮಗಳನ್ನು ಕೇಳಿದ. ಅವಳು ತಲೆ ಆಡಿಸಿದಳು. ಅವನು ಪುಸ್ತಕ ಅವಳ ಕೈಗೆ ಕೊಟ್ಟ. ನನ್ನ ಕಡೆ ಕೈ ಚಾಚಿದ. "ಪೆನ್ನು ಕೊಡಿ ಟೀಚರೇ. ಅದೆಲ್ಲಿ ಆಕ್ಬೇಕು ತೋರ್ಸಿ."

ಅರ್ಜಿಯ ಮೇಲೆ ಅವನು ಚಿ, ಕ್ಕ, ಸಿ, ದ್ದ, ಯ್ಯ ಎಂದು ಒಂದೊಂದೇ ಅಕ್ಷರ ಬರೆದ. ನಾನು ಅದನ್ನು ಬ್ಯಾಗಿನಲ್ಲಿಟ್ಟುಕೊಂಡೆ. ಹೊರಗೆ ಮಂಚಯ್ಯನ ಟಿವಿಎಸ್ಸು ಹಾರ್ನ್ ಹೊಡೆಯಿತು. ಉಮ ನೋಟ್‌ಬುಕ್ಕು ಹಿಡಿದುಕೊಂಡು ಇನ್ನೂ ನಿಂತೇ ಇದ್ದಳು.

"ಇದ್ಕೂ ಅಪ್ಪ ಸಹಿ ಆಕ್ಬೇಕಾ ಮಿಸ್?"

ನಾನು ಪೆನ್ನು ತೆಗೆದುಕೊಂಡು ಹೊಸ್ತಿಲ ಮೇಲೆ ಕೂತೆ. ಮೊದಲ ಎಂಟನ್ನು ಹೊಡೆದುಹಾಕಿ, ಒಂಬತ್ತನೆಯದರ ಮುಂದೆ ನನ್ನ ಸಹಿ ಹಾಕಿದೆ.