ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು

ಕಳೆದ ಮಾರ್ಚ್ ಆರನೆಯ ತಾರೀಖು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಕಾರುಗಳನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳುಹಿಸುವ ಕಚೇರಿಯೊಂದರ ಸೂಚನಾಫಲಕದ ಮೇಲೆ ಎಂಟು ಸಾಲಿನ ಪ್ರಕಟಣೆಯೊಂದನ್ನು ಅಂಟಿಸಲಾಯಿತು. ದಾಖಲೆ ಪರಿಶೀಲಿಸುವ ಹಿರಿಯ ಗುಮಾಸ್ತರು ‘ಅನವಶ್ಯಕ ವಿಳಂಬ’ದಿಂದ ಗ್ರಾಹಕರೊಬ್ಬರಿಗೆ ಹಡಗು ತಪ್ಪಿಸಿದ ಕಾರಣ, ಅವರನ್ನು ಕೌಂಟರಿನಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಕಳುಹಿಸಲಾಗಿದೆ ಎಂಬುದು ಅದರ ಸಾರ. ಮೂವತ್ತಮೂರು ವರ್ಷ ದುಡಿದು ಮೇ ಕೊನೆಗೆ ನಿವೃತ್ತರಾಗಲಿರುವ ಮನುಷ್ಯನಿಗೆ ಸಂದ ಮರ್ಯಾದೆ ಇದು. ಅವರ ಪಕ್ಕದ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕುಳಿತು ಈಗ ಪಿಂಚಣಿ ಪಡೆಯುತ್ತಿರುವ ನಾನು, ಆ ಪ್ರಕಟಣೆಯನ್ನು ಖುದ್ದಾಗಿ ಹೋಗಿ, ಕನ್ನಡಕ ಒರೆಸಿಕೊಂಡು, ಎರಡು ಬಾರಿ ಓದಿ ಬಂದಿದ್ದೇನೆ.

ಕಚೇರಿಯವರ ಬಾಯಲ್ಲಿ ಅವರು ‘ಪೆನ್ಸಿಲ್ ದೊಡ್ಡಪ್ಪ’. ಬಲಗಿವಿಯ ಹಿಂದೆ ಸದಾ ಒಂದು ಮೋಟು ಪೆನ್ಸಿಲು. ಎಷ್ಟು ಒಗೆದರೂ ಮೊಣಕೈಯ ಗ್ರೀಸಿನ ಕಲೆ ಹೋಗದ ಬೂದುಬಣ್ಣದ ಕೋಟು. ದಾರಿಯಲ್ಲಿ ನಿಂತ ಪ್ರತಿಯೊಂದು ವಾಹನದ ನಂಬರು ಫಲಕವನ್ನೂ ಓದಿಯೇ ಮುಂದೆ ಹೋಗುವುದರಿಂದ ಎಡಕ್ಕೆ ವಾಲಿಕೊಂಡ ನಡಿಗೆ. ಮಾಲೀಕತ್ವದ ಪತ್ರ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಸುಂಕದ ಘೋಷಣೆ, ಎಲ್ಲವೂ ಸರಿಯಿದ್ದರೂ ಅವರಿಗೆ ಸಮಾಧಾನವಿಲ್ಲ. ಕೋಟು ಕಳಚದೆ ಗಾಡಿಯ ಕೆಳಗೆ ನುಸುಳಿ, ಲೋಹದಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮಸಿಯ ನಡುವೆ ಬೆಳ್ಳಗೆ ಮೂಡಿದ ಅಂಕಿಗಳನ್ನು ನೋಂದಣಿ ಪುಸ್ತಕದ ಪಕ್ಕದಲ್ಲಿ ಹಿಡಿದು, “ಕಾಗದ ಏನನ್ನುತ್ತೆ, ಗಾಡಿ ಏನನ್ನುತ್ತೆ?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡ ಮೇಲೆಯೇ ಮೊಹರು. “ನನ್ನ ಮುಖಾನ ಒಂದು ದಿನವಾದ್ರೂ ಅಷ್ಟು ಹತ್ತಿರದಿಂದ ನೋಡಿದ್ರೆ!” ಎಂದು ಅವರ ಹೆಂಡತಿ ನನ್ನೆದುರೇ ನಕ್ಕಿದ್ದುಂಟು.

ಫೆಬ್ರವರಿ ಇಪ್ಪತ್ತರಂದು, ಹೊರದೇಶದಲ್ಲಿ ಕೆಲಸಕ್ಕೆ ಹೊರಟಿದ್ದ ಪಶುವೈದ್ಯೆಯೊಬ್ಬರು ತೀರಿಕೊಂಡ ತಂದೆಯ ಹಳೆಯ ಕಾರನ್ನು ತಂದರು. ಮರುದಿನವೇ ಹಡಗು. ಆದರೆ ಎಂಜಿನ್ನಿನ ಮೇಲಿನ ನಂಬರು ಒಂದು, ಪುಸ್ತಕದ್ದು ಇನ್ನೊಂದು. ತಂದೆ ಯಾವಾಗಲೋ ಎಂಜಿನ್ ಬದಲಾಯಿಸಿ, ಪುಸ್ತಕದಲ್ಲಿ ಬರೆಸುವುದನ್ನು ಮರೆತಿದ್ದರು.

“ಹಡಗು ನಾಳೆ ಹೊರಡುತ್ತೆ ರೀ! ನೀವಿನ್ನೂ ಪೆನ್ಸಿಲ್ ಚೂಪು ಮಾಡ್ತಾ ಕೂತಿದ್ದೀರಲ್ಲ!”

“ಹಡಗು ಇನ್ನೊಂದು ಬರುತ್ತೆ ತಾಯಿ. ಪುಸ್ತಕ ತಿದ್ದಿಸ್ಕೊಂಡು ಬನ್ನಿ. ಆ ಕಡೆ ದಡದಲ್ಲಿ ಹಿಡಿದು ನಿಲ್ಲಿಸಿದ್ರೆ ನಿಮ್ಮಪ್ಪನ ಗಾಡಿ ಬಿಸಿಲಲ್ಲಿ ತುಕ್ಕು ಹಿಡಿಯುತ್ತೆ.”

ವ್ಯವಸ್ಥಾಪಕರು ಕೋಣೆಯಿಂದ ಹೊರಬಂದು, “ದೊಡ್ಡಪ್ಪ, ಹಡಗಿನ ಕೆಳಗೂ ಮಲಗಿ ನೋಡಿಬಿಡ್ತೀರಾ?” ಎಂದರು. ಕಚೇರಿ ಗೊಳ್ಳೆಂದಿತು. ದೊಡ್ಡಪ್ಪ ಮೊಹರನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

ಆಕೆ ಅಂದೇ ದೂರು ಬರೆದುಕೊಟ್ಟರು. ಆದರೂ ಪುಸ್ತಕ ತಿದ್ದಿಸಿಕೊಂಡು ಮಾರ್ಚ್ ಐದರಂದು ಮರಳಿ ಬಂದರು. ಆ ಕಾರಿಗೆ ಒತ್ತಿದ್ದೇ ದೊಡ್ಡಪ್ಪನವರ ಕೊನೆಯ ಮೊಹರು. ಮರುದಿನ ಪ್ರಕಟಣೆ ಬಿತ್ತು. ಮಾರ್ಚ್ ಹದಿನಾಲ್ಕರ ಹಡಗಿನಲ್ಲಿ ಆ ಕಾರಿನೊಂದಿಗೆ, ಪೆನ್ಸಿಲ್ ತಾಗದೆ, ಕೇವಲ ಕಾಗದ ನೋಡಿ ಬಿಟ್ಟ ಕಾರುಗಳೂ ಹೋದವು. ಅವುಗಳಲ್ಲಿ ಮೂರನ್ನು, ನಂಬರು ತಾಳೆಯಾಗದ ಕಾರಣಕ್ಕೆ, ಆಚೆ ದಡದಲ್ಲಿ ತಡೆದಿಟ್ಟರು. ಪಶುವೈದ್ಯೆಯ ಕಾರು ಮೊದಲ ದಿನವೇ ಹೊರಬಂತು.

ಆಕೆ ದೂರನ್ನು ಹಿಂತೆಗೆದುಕೊಂಡು ಪತ್ರ ಬರೆದರು: ‘ಅಪ್ಪನ ಕಾರು ನನ್ನ ಕೈಸೇರಿದ್ದು ಆ ಹಿರಿಯರಿಂದ. ನನ್ನನ್ನು ಕ್ಷಮಿಸಬೇಕು.’ ವ್ಯವಸ್ಥಾಪಕರು ಅದರ ಮೂಲೆಯಲ್ಲಿ ‘ಕಡತಕ್ಕೆ’ ಎಂದು ಗೀಚಿ ಒಳಗೆ ಕಳುಹಿಸಿದರು. ಹಾಗೆ ಅದು ಹೋಗಿ ತಲುಪಿದ್ದು ಹಳೆಯ ಕಡತಗಳ ಕೋಣೆಯಲ್ಲಿದ್ದ ದೊಡ್ಡಪ್ಪನವರನ್ನೇ. ಏಪ್ರಿಲಿನಲ್ಲಿ ನಾನು ಹೋದಾಗ ಅದು ಕ್ರಮಪ್ರಕಾರ ಕಡತ ಸೇರಿತ್ತು.

“ಇದನ್ನ ಯಾರಿಗಾದ್ರೂ ತೋರಿಸಿದ್ರಾ?” ಎಂದೆ.

“ಅದಿರಲಿ, ಪಾಪ, ಹುಡುಗಿ ತಾರೀಖು ಹಾಕೋದು ಮರೆತಿದ್ದಾಳೆ. ಬಂದ ದಿನ ನಾನೇ ಗುರುತು ಹಾಕಿದೀನಿ,” ಎಂದರು. ಹಾಕಿದ್ದು ಪೆನ್ಸಿಲಿನಲ್ಲಿ.

ಇಂಥವರ ಕುಲವೊಂದಿದೆ. ತಮ್ಮ ಮಾನದ ಮಾತು ಬಂದಾಗ ಮೌನವಾಗುವ ಇವರು, ಇನ್ನೊಬ್ಬರ ಸ್ವತ್ತಿನ ಮಾತು ಬಂದರೆ ನೆಲದಲ್ಲಿ ಮಲಗಲೂ ನಾಚುವುದಿಲ್ಲ. ಜಗತ್ತಿನ ಸರಕು ಸಮುದ್ರ ದಾಟಿ ಸರಿಯಾದ ಕೈಸೇರುತ್ತಿರುವುದು ಇವರ ಕೊಳೆಯಾದ ಮೊಣಕೈಗಳ ಬಲದಿಂದ. ಅವರ ಪಕ್ಕದಲ್ಲಿ ಕುಳಿತಿದ್ದೆನೆಂಬುದು ನನ್ನ ಬದುಕಿನ ಹೆಮ್ಮೆ. ಅವರು ಕೇಳದ್ದನ್ನು ಕೇಳುವುದು ನನ್ನ ಹಕ್ಕು.

ಆದುದರಿಂದ ವ್ಯವಸ್ಥಾಪಕರೇ, ಆ ಎಂಟು ಸಾಲನ್ನು ನೀವೇ, ನಿಮ್ಮ ಕೈಯಾರೆ ಕಿತ್ತು ತೆಗೆಯಿರಿ. ಅದೇ ಫಲಕದ ಅದೇ ಜಾಗದಲ್ಲಿ ಆ ಹೆಣ್ಣುಮಗಳ ಪತ್ರವನ್ನು ಹಾಕಿ, ಕೆಳಗೆ ‘ತಪ್ಪು ನಮ್ಮದು’ ಎಂದು ಬರೆದು ಸಹಿ ಮಾಡಿರಿ. ಮೇ ಮೂವತ್ತರಂದು, ಅವರ ಕೊನೆಯ ಕೆಲಸದ ದಿನ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಾನು ಓದಲು ಬರುತ್ತೇನೆ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.